ಸನದು ಕೇಳುವ ವಿಜ್ಞಾನಿ

2021ರ ಮೇ ತಿಂಗಳಲ್ಲಿ ಅಮೆರಿಕದ 'ಸೈನ್ಸ್' ಪತ್ರಿಕೆಯಲ್ಲಿ 18 ವಿಜ್ಞಾನಿಗಳ ಒಂದು ಪುಟ್ಟ ಪತ್ರ ಪ್ರಕಟವಾಯಿತು. ಕೊರೋನಾ ವೈರಸ್ ಪ್ರಾಣಿಗಳಿಂದ ಮನುಷ್ಯರಿಗೆ ಬಂದಿರಬಹುದು, ವುಹಾನಿನ ಪ್ರಯೋಗಾಲಯದಿಂದ ಹೊರಬಿದ್ದಿರಲೂಬಹುದು. ತಕ್ಕಷ್ಟು ಪುರಾವೆ ಸಿಗುವವರೆಗೆ ಎರಡನ್ನೂ ಗಂಭೀರವಾಗಿ ಪರಿಶೀಲಿಸಬೇಕು ಎನ್ನುವುದು ಆ ಪತ್ರದ ಸಾರ. ಸಹಿ ಹಾಕಿದವರಲ್ಲಿ ಅರಿಜೋನಾ ವಿಶ್ವವಿದ್ಯಾಲಯದ ಮೈಕೇಲ್ ವೊರೊಬಿ ಒಬ್ಬರು. ಹದಿನಾಲ್ಕು ತಿಂಗಳ ನಂತರ, 2022ರ ಜುಲೈಯಲ್ಲಿ, ಅದೇ ಪತ್ರಿಕೆಯಲ್ಲಿ ಅದೇ ವೊರೊಬಿ ಮೊದಲ ಲೇಖಕರಾಗಿದ್ದ ಪ್ರಬಂಧವೊಂದು ಬಂತು. ಪಿಡುಗು ಶುರುವಾದ ಕೇಂದ್ರ ವುಹಾನಿನ ಹುವಾನಾನ್ ಮಾರುಕಟ್ಟೆ, ಜೀವಂತ ಕಾಡುಪ್ರಾಣಿಗಳ ವ್ಯಾಪಾರದ ಮೂಲಕ ವೈರಸ್ ಮನುಷ್ಯರಿಗೆ ದಾಟಿತು ಎಂದು ಅದು ವಾದಿಸಿತು.

ಒಂದು ಬಣಕ್ಕೆ ಅವರು ಮಾತು ತಪ್ಪಿದವರು. ಇನ್ನೊಂದು ಬಣಕ್ಕೆ ತಡವಾಗಿಯಾದರೂ ದಾರಿಗೆ ಬಂದವರು. ಕತೆ ಬರೆಯುವ ನಮಗೆ ವೈರಾಣು ವಿಜ್ಞಾನದ ಒಳಸುಳಿಗಳೆಲ್ಲ ಗೊತ್ತು ಎಂಬ ಜಂಬವೇನೂ ಇಲ್ಲ. ಆದರೆ ಬರಹವನ್ನು ಓದುವುದು ನಮ್ಮ ಕಸುಬು. ಬರೆದವರು ಎಷ್ಟು ಕಂಡಿದ್ದಾರೆ, ಎಷ್ಟು ಹೇಳುತ್ತಿದ್ದಾರೆ, ಇವೆರಡರ ನಡುವೆ ಎಷ್ಟು ಅಂತರವಿದೆ ಎಂಬುದನ್ನು ವಿಜ್ಞಾನದ ಬರಹವೂ ಕತೆಯ ಹಾಗೆಯೇ ಬಿಟ್ಟುಕೊಡುತ್ತದೆ. ಪಿಡುಗಿನ ಮೂಲ ಯಾವುದು ಎಂಬ ಜಗಳದಲ್ಲಿ ವಿಜ್ಞಾನಿಯ ಕೆಲಸವೇನು ಎಂದು ಯಾರಾದರೂ ಕೇಳಿದರೆ ನಾವು ವೊರೊಬಿಯವರ ಎರಡು ದಶಕಗಳ ಕೆಲಸವನ್ನು ತೋರಿಸುತ್ತೇವೆ, ಅದರಲ್ಲಿರುವ ಎಡವಟ್ಟುಗಳನ್ನೂ ಸೇರಿಸಿ.

ವುಹಾನಿಗೆ ಬರುವ ಮುಂಚೆ ಕಾಂಗೋಗೆ ಹೋಗಬೇಕು. 1999ರಲ್ಲಿ ಎಡ್ವರ್ಡ್ ಹೂಪರ್ ಎಂಬ ಇಂಗ್ಲಿಷ್ ಪತ್ರಕರ್ತ 'ದಿ ರಿವರ್' ಎಂಬ ಸಾವಿರಕ್ಕೂ ಹೆಚ್ಚು ಪುಟಗಳ ಗ್ರಂಥ ಪ್ರಕಟಿಸಿದರು. 1950ರ ದಶಕದ ಕೊನೆಯಲ್ಲಿ ಬೆಲ್ಜಿಯನ್ನರ ಆಳ್ವಿಕೆಯಲ್ಲಿದ್ದ ಕಾಂಗೋದಲ್ಲಿ ಹಿಲರಿ ಕೊಪ್ರೊವ್‌ಸ್ಕಿ ಎಂಬ ವಿಜ್ಞಾನಿಯ ಪೋಲಿಯೊ ಲಸಿಕೆಯನ್ನು ಲಕ್ಷಾಂತರ ಜನರಿಗೆ ಕುಡಿಸಲಾಗಿತ್ತು. ಆ ಲಸಿಕೆಯನ್ನು ಚಿಂಪಾಂಜಿಯ ಮೂತ್ರಪಿಂಡದ ಜೀವಕೋಶಗಳಲ್ಲಿ ಬೆಳೆಸಿದ್ದರು, ಏಡ್ಸ್ ವೈರಸ್ ಮನುಷ್ಯರಿಗೆ ದಾಟಿದ್ದು ಹಾಗೆ ಎಂಬುದು ಹೂಪರ್ ಅವರ ವಾದ. ಲಸಿಕೆ ತಯಾರಿಸಿದವರು ಇದನ್ನು ಖಡಾಖಂಡಿತವಾಗಿ ಅಲ್ಲಗಳೆದರು. ಕಾದಂಬರಿಗೆ ಬೇಕಾದದ್ದೆಲ್ಲ ಈ ಕಥನದಲ್ಲಿದೆ. ವಸಾಹತು ಆಡಳಿತವಿದೆ, ಕರಿಯರ ಮಕ್ಕಳ ಮೇಲೆ ಪ್ರಯೋಗ ಮಾಡುವ ಬಿಳಿಯ ವೈದ್ಯರಿದ್ದಾರೆ, ಕಿಸಂಗಾನಿ ಬಳಿಯ ಕಾಡಿನಲ್ಲಿ ಲಿಂಡಿ ಎಂಬ ಶಿಬಿರವಿದೆ, ಅಲ್ಲಿ ಪಂಜರಗಳಲ್ಲಿ ನೂರಾರು ಚಿಂಪಾಂಜಿಗಳಿವೆ. ವಸಾಹತುಶಾಹಿಯ ಪಾಪಗಳನ್ನು ಬಲ್ಲ ಯಾರಿಗೇ ಆದರೂ ಇದು ನಿಜವಾಗಿರಲಿ ಎಂದು ಒಳಗೊಳಗೇ ಅನಿಸುತ್ತದೆ. ಅಂಥ ಕಥನವನ್ನು ಎರಡು ಪಟ್ಟು ಎಚ್ಚರದಿಂದ ಓದಬೇಕಾಗುತ್ತದೆ.

ವಿಜ್ಞಾನಿಗಳಲ್ಲಿ ಹೆಚ್ಚಿನವರು ಹೂಪರ್ ಅವರನ್ನು ಹತ್ತಿರ ಸೇರಿಸಲಿಲ್ಲ. ಆಕ್ಸ್‌ಫರ್ಡಿನ ಡಬ್ಲ್ಯು. ಡಿ. ಹ್ಯಾಮಿಲ್ಟನ್ ಇದಕ್ಕೆ ಹೊರತಾಗಿದ್ದರು. ವಿಕಾಸವಾದದ ಕ್ಷೇತ್ರದಲ್ಲಿ ಅವರದು ಬಹುದೊಡ್ಡ ಹೆಸರು. ಪರೀಕ್ಷಿಸದೆ ಒಂದು ವಾದವನ್ನು ಗೇಲಿ ಮಾಡಿ ಮುಗಿಸುವುದು ಅವರಿಗೆ ಸರಿಕಾಣಲಿಲ್ಲ. ಹೂಪರ್ ಪುಸ್ತಕಕ್ಕೆ ಮುನ್ನುಡಿಯನ್ನೂ ಬರೆದುಕೊಟ್ಟರು. ಆಗ ಆಕ್ಸ್‌ಫರ್ಡಿನಲ್ಲಿ ಸಂಶೋಧನೆ ಮಾಡುತ್ತಿದ್ದ ಕೆನಡಾದ ತರುಣ ವೊರೊಬಿ ಅವರ ಜೊತೆ ಹೊರಟರು. 2000ದ ಜನವರಿ, ಕಾಂಗೋದಲ್ಲಿ ಅಂತರ್ಯುದ್ಧ ನಡೆಯುತ್ತಿದ್ದ ಕಾಲ. ಹೂಪರ್ ಹೇಳಿದ್ದು ನಿಜವಾದರೆ ಕಿಸಂಗಾನಿ ಸುತ್ತಲಿನ ಕಾಡು ಚಿಂಪಾಂಜಿಗಳಲ್ಲಿ ಎಚ್‌ಐವಿಯ ಹತ್ತಿರದ ನೆಂಟ ಸಿಗಬೇಕು. ಅದಕ್ಕಾಗಿ ಅವುಗಳ ಮಲಮೂತ್ರ ಸಂಗ್ರಹಿಸಿಕೊಂಡು ಬರಲು ಹೋಗಿದ್ದರು. ಹ್ಯಾಮಿಲ್ಟನ್ ಅಲ್ಲಿ ಮಲೇರಿಯಾ ಹತ್ತಿಸಿಕೊಂಡರು. ಲಂಡನ್ನಿಗೆ ಮರಳಿದ ಮೇಲೆ ರಕ್ತಸ್ರಾವವಾಗಿ ಆಸ್ಪತ್ರೆ ಸೇರಿದವರು ಮಾರ್ಚ್ 7ರಂದು ತೀರಿಕೊಂಡರು.

ವೊರೊಬಿ ಕೆಲಸ ಬಿಡಲಿಲ್ಲ. 2003ರಲ್ಲಿ ಮತ್ತೆ ಅದೇ ಕಾಡಿಗೆ ಹೋಗಿ ಬಂದರು. ಕೊನೆಗೆ ಒಂದು ಮಾದರಿಯಲ್ಲಿ ವೈರಸ್ ಸಿಕ್ಕಿತು. ಅದನ್ನು ಎಚ್‌ಐವಿಯ ವಂಶವೃಕ್ಷದಲ್ಲಿ ಇಟ್ಟು ನೋಡಿದರೆ ಅದು ಬೇರೆಯೇ ಕೊಂಬೆ. 2004ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಅವರು ಮತ್ತು ಸಂಗಡಿಗರು ಪೋಲಿಯೊ ಲಸಿಕೆಯ ವಾದ ನಿಲ್ಲುವುದಿಲ್ಲ ಎಂದು ಬರೆದರು. ಅಷ್ಟರಲ್ಲಾಗಲೇ ಹಳೆಯ ಲಸಿಕೆಯ ಉಳಿದ ಮಾದರಿಗಳನ್ನು ಬೇರೆ ಬೇರೆ ಪ್ರಯೋಗಾಲಯಗಳು ಪರೀಕ್ಷಿಸಿದ್ದವು. ಚಿಂಪಾಂಜಿಯ ಡಿಎನ್‌ಎ ಸಿಕ್ಕಿರಲಿಲ್ಲ. ಹೂಪರ್ ಇದನ್ನು ಒಪ್ಪಲಿಲ್ಲ. ಲಿಂಡಿಯ ಚಿಂಪಾಂಜಿಗಳೆಲ್ಲ ಆ ಕಾಡಿನವೇ ಅಲ್ಲ ಎಂದರು. ಆ ಆಕ್ಷೇಪಣೆಗೆ ಉತ್ತರ ನಾಲ್ಕು ವರ್ಷಗಳ ನಂತರ ಬೇರೊಂದು ದಿಕ್ಕಿನಿಂದ ಬಂತು. 1960ರಲ್ಲಿ ಕಿನ್ಶಾಸಾದ ಒಬ್ಬ ರೋಗಿಯಿಂದ ತೆಗೆದು ಮೇಣದಲ್ಲಿ ಕಾಪಾಡಿದ್ದ ಅಂಗಾಂಶದ ಚೂರೊಂದರಲ್ಲಿ ಎಚ್‌ಐವಿ ಸಿಕ್ಕಿತು. 1959ರ ಇನ್ನೊಂದು ಮಾದರಿ ಮೊದಲೇ ಗೊತ್ತಿತ್ತು. ಒಂದೇ ನಗರದ, ಒಂದೇ ಕಾಲದ ಈ ಎರಡು ವೈರಸ್‌ಗಳ ನಡುವೆ ಎಷ್ಟು ವ್ಯತ್ಯಾಸವಿತ್ತೆಂದರೆ ಅವುಗಳ ಪೂರ್ವಜ ಹಲವು ದಶಕ ಹಿಂದೆಯೇ ಮನುಷ್ಯರಲ್ಲಿ ಇರಲೇಬೇಕಿತ್ತು. ವೊರೊಬಿ ತಂಡದ ಲೆಕ್ಕ ಸುಮಾರು 1908ಕ್ಕೆ ಹೋಗಿ ನಿಂತಿತು. ಲಸಿಕೆ ಬಂದದ್ದು 1957ರಲ್ಲಿ.

ಉರ್ದು ಶಾಲೆಯಲ್ಲಿ ದೀನಿಯಾತ್ ಓದಿದವರಿಗೆ ಈ ವಿಧಾನ ಅಪರಿಚಿತ ಅನಿಸಲಾರದು. ಒಂದು ಮಾತನ್ನು ಪ್ರವಾದಿಯವರದು (ಸ) ಎನ್ನಬೇಕಾದರೆ ಅದರ ಸನದು ಬೇಕು. ಯಾರು ಯಾರಿಂದ ಕೇಳಿದರು, ಅವರಿಬ್ಬರೂ ಒಂದೇ ಕಾಲದಲ್ಲಿ ಬದುಕಿದ್ದರೇ, ಭೇಟಿಯಾಗಿದ್ದರೇ, ಜ್ಞಾಪಕಶಕ್ತಿ ಹೇಗಿತ್ತು ಎಂದು ರಾವಿಗಳ ಸರಪಳಿಯ ಒಂದೊಂದು ಕೊಂಡಿಯನ್ನೂ ಮುಟ್ಟಿ ನೋಡುವುದು ಹದೀಸ್ ಶಾಸ್ತ್ರ. ಕನ್ನಡದ ಗ್ರಂಥಸಂಪಾದಕರು ಓಲೆಗರಿಗಳಲ್ಲಿ ಮಾಡುವುದೂ ಅದಕ್ಕೆ ಹತ್ತಿರದ ಕೆಲಸ. ಎರಡು ಪ್ರತಿಗಳಲ್ಲಿ ಒಂದೇ ಕಡೆ ಒಂದೇ ತಪ್ಪಿದ್ದರೆ ಎರಡೂ ಒಂದೇ ಮಾತೃಕೆಯಿಂದ ಇಳಿದವು ಎಂದು ಅವರು ಹಿಡಿಯುತ್ತಾರೆ. ವೈರಸ್ ಕೂಡ ತನ್ನನ್ನು ತಾನು ನಕಲು ಮಾಡಿಕೊಳ್ಳುವಾಗ ಅಕ್ಷರ ತಪ್ಪುತ್ತದೆ. ಆ ತಪ್ಪುಗಳನ್ನು ಎಣಿಸಿ ವಂಶಾವಳಿ ಬರೆಯುವುದು ವೊರೊಬಿಯವರ ವಿದ್ಯೆ. ಹೋಲಿಕೆ ಕೇಳಿ ವಿಜ್ಞಾನಿಗಳು ನಕ್ಕರೆ ನಗಲಿ.

ಹದೀಸ್ ವಿದ್ವಾಂಸರಿಂದ ಕಲಿಯಬೇಕಾದ ಇನ್ನೊಂದು ಸಂಗತಿ ಇದೆ. ಅವರು ಮಾತುಗಳನ್ನು ನಿಜ, ಸುಳ್ಳು ಎಂದು ಎರಡೇ ಗುಂಪು ಮಾಡಿ ಕೈತೊಳೆದುಕೊಳ್ಳಲಿಲ್ಲ. ಸಹೀಹ್, ಹಸನ್, ಝಯೀಫ್, ಮೌಝೂ ಎಂದು ದರ್ಜೆಗಳನ್ನು ಮಾಡಿದರು. ಝಯೀಫ್ ಎಂದರೆ ಸರಪಳಿ ದುರ್ಬಲ ಎಂದರ್ಥ. ಕಟ್ಟುಕತೆಗೆ ಮೌಝೂ ಎಂಬ ಬೇರೆಯೇ ಹೆಸರಿದೆ. ಕೊರೋನಾ ಮೂಲದ ಚರ್ಚೆಯಲ್ಲಿ ಮೊದಲ ದಿನದಿಂದಲೂ ಕಾಣೆಯಾಗಿದ್ದದ್ದು ಈ ದರ್ಜೆಗಳು.

2020ರ ಫೆಬ್ರವರಿ 19ರಂದು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ 27 ವಿಜ್ಞಾನಿಗಳು ಸಹಿ ಮಾಡಿದ ಹೇಳಿಕೆ ಬಂತು. ವೈರಸ್ ಸಹಜ ಮೂಲದ್ದಲ್ಲ ಎನ್ನುವವರದು ಪಿತೂರಿಯ ಕತೆ ಎಂದು ಅದು ಖಂಡಿಸಿತು. ಚೀನಾದ ವಿಜ್ಞಾನಿಗಳ ಮೇಲೆ ಕೆಸರು ಎರಚುತ್ತಿದ್ದ ಹೊತ್ತಿನಲ್ಲಿ ಅವರ ಪರವಾಗಿ ನಿಲ್ಲುವ ಉದ್ದೇಶ ಒಳ್ಳೆಯದೇ. ಆದರೆ ಪಿಡುಗು ಬೆಳಕಿಗೆ ಬಂದು ಎರಡು ತಿಂಗಳೂ ತುಂಬಿರದಿದ್ದಾಗ ಇಷ್ಟು ಖಚಿತವಾಗಿ ಹೇಳಲು ಸನದು ಎಲ್ಲಿತ್ತು? ಹೇಳಿಕೆಯನ್ನು ಸಂಘಟಿಸಿದ ಪೀಟರ್ ದಸ್ಜಾಕ್ ಅವರ ಸಂಸ್ಥೆ ವುಹಾನಿನ ವೈರಾಣು ಸಂಸ್ಥೆಯೊಂದಿಗೆ ಕೆಲಸ ಮಾಡುತ್ತಿತ್ತು, ಅಮೆರಿಕದ ಅನುದಾನದ ಒಂದು ಪಾಲು ಅದರ ಮೂಲಕವೇ ಅಲ್ಲಿಗೆ ಹೋಗುತ್ತಿತ್ತು. ಈ ಸಂಬಂಧವನ್ನು ಪತ್ರಿಕೆ ಓದುಗರಿಗೆ ಸರಿಯಾಗಿ ತಿಳಿಸಿದ್ದು 2021ರ ಜೂನ್‌ನಲ್ಲಿ. ರಾವಿಯ ಹಿನ್ನೆಲೆಯನ್ನೇ ಮುಚ್ಚಿಟ್ಟ ಸನದನ್ನು ಯಾರು ನಂಬಬೇಕು?

2020ರ ಮಾರ್ಚ್‌ನಲ್ಲಿ ಕ್ರಿಸ್ಟಿಯನ್ ಆಂಡರ್ಸನ್ ಮತ್ತು ನಾಲ್ವರು 'ನೇಚರ್ ಮೆಡಿಸಿನ್'ನಲ್ಲಿ ಬರೆದ ಲೇಖನದ ಕತೆ ಇನ್ನೂ ಸಂಕೀರ್ಣ. ಪ್ರಯೋಗಾಲಯದಿಂದ ಬಂದಿರಬಹುದೆಂಬ ಯಾವ ಸಾಧ್ಯತೆಯೂ ತಮಗೆ ನಂಬಲರ್ಹವಾಗಿ ಕಾಣುವುದಿಲ್ಲ ಎಂದು ಅವರು ಬರೆದಿದ್ದರು. 2023ರಲ್ಲಿ ಅಮೆರಿಕದ ಸಂಸದೀಯ ಸಮಿತಿಯೊಂದು ಬಹಿರಂಗಪಡಿಸಿದ ಖಾಸಗಿ ಸಂದೇಶಗಳಲ್ಲಿ, ಅದೇ ದಿನಗಳಲ್ಲಿ ಅವರು ತಮ್ಮತಮ್ಮಲ್ಲೇ ಅನುಮಾನಗಳನ್ನು ಹಂಚಿಕೊಂಡಿದ್ದು ಕಾಣಿಸಿತು. ಪುರಾವೆ ನೋಡಿ ಮನಸ್ಸು ಬದಲಿಸಿಕೊಂಡೆವು ಎಂಬುದು ಅವರ ಸಮಜಾಯಿಷಿ. ಇರಬಹುದು. ಆದರೆ ಒಳಮನೆಯಲ್ಲಿ ತೊದಲಿದ ಬಾಯಿ ಜಗಲಿಗೆ ಬಂದಾಗ ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಮುಂದೆ ಸಂಶಯವನ್ನು ಹತ್ತು ಪಟ್ಟು ಬೆಳೆಸಿತು. ಪಿತೂರಿಗಾರರ ಕೈಗೆ ಅಸ್ತ್ರ ಕೊಡಬಾರದೆಂದು ಹೊರಟವರು ಕೊಟ್ಟದ್ದು ಅಸ್ತ್ರವನ್ನೇ.

2021ರ ಪತ್ರಕ್ಕೆ ವೊರೊಬಿ ಸಹಿ ಹಾಕಿದ್ದನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಸಹಿ ಹಾಕಿ ಸುಮ್ಮನಾದವರು ಬಹಳ ಜನ. ವೊರೊಬಿ ಕಡತ ಬಿಚ್ಚಿ ಕುಳಿತರು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಚೀನಾದ ಜಂಟಿ ವರದಿಯ ಪ್ರಕಾರ ಮೊದಲ ರೋಗಿ ಒಬ್ಬ ಲೆಕ್ಕಿಗ. 2019ರ ಡಿಸೆಂಬರ್ 8ಕ್ಕೆ ಕಾಯಿಲೆ ಬಿದ್ದವನು, ಮಾರುಕಟ್ಟೆಯ ಕಡೆ ಹೋಗದವನು. ವೊರೊಬಿ ಆಸ್ಪತ್ರೆಯ ದಾಖಲೆಗಳ ವಿವರ, ಆ ಮನುಷ್ಯನೇ ಕೊಟ್ಟಿದ್ದ ಸಂದರ್ಶನ ಎಲ್ಲವನ್ನೂ ತಾಳೆ ನೋಡಿದರು. ಡಿಸೆಂಬರ್ 8ಕ್ಕೆ ಅವನಿಗಿದ್ದದ್ದು ಹಲ್ಲಿನ ತೊಂದರೆ! ಜ್ವರ ಶುರುವಾದದ್ದು 16ಕ್ಕೆ. ಅಲ್ಲಿಗೆ ಗೊತ್ತಿರುವವರಲ್ಲಿ ಮೊದಲ ರೋಗಿ ಹುವಾನಾನ್ ಮಾರುಕಟ್ಟೆಯಲ್ಲಿ ಮೀನು, ಸೀಗಡಿ ಮಾರುತ್ತಿದ್ದ ಹೆಂಗಸು ಎಂದಾಯಿತು. ಜಗತ್ತಿನ ದೊಡ್ಡ ದೊಡ್ಡ ತಜ್ಞರ ವರದಿಯಲ್ಲಿ ಒಂದು ಹಲ್ಲುನೋವು ಪಿಡುಗಿನ ಮೊದಲ ಜ್ವರವಾಗಿ ಕುಳಿತಿತ್ತು. ಇಂಥ ಕಡೆ ಕೈ ಹಾಕುವುದನ್ನೇ ನಾವು ತಹಕೀಕ್ ಎನ್ನುತ್ತೇವೆ.

2022ರ ಪ್ರಬಂಧದಲ್ಲಿ ಅವರು 2019ರ ಡಿಸೆಂಬರಿನ 155 ರೋಗಿಗಳ ಮನೆಗಳನ್ನು ನಕ್ಷೆಯಲ್ಲಿ ಗುರುತಿಸಿದರು. ಕೋಟಿಗೂ ಮೀರಿದ ಜನರಿರುವ ನಗರದಲ್ಲಿ ಚುಕ್ಕೆಗಳು ಮಾರುಕಟ್ಟೆಯ ಸುತ್ತ ಮುತ್ತಿಕೊಂಡಿದ್ದವು. ಮಾರುಕಟ್ಟೆಗೂ ತಮಗೂ ಸಂಬಂಧವಿಲ್ಲ ಎಂದವರ ಮನೆಗಳೂ ಅಲ್ಲೇ ಸುತ್ತಮುತ್ತ ಇದ್ದವು. 2020ರ ಜನವರಿ 1ರಂದು ಮಾರುಕಟ್ಟೆ ಮುಚ್ಚಿದ ಮೇಲೆ ನೆಲ, ಚರಂಡಿ, ಪಂಜರಗಳಿಂದ ತೆಗೆದ ಮಾದರಿಗಳಲ್ಲಿ ವೈರಸ್ ಸಿಕ್ಕ ಜಾಗಗಳು ಹೆಚ್ಚಾಗಿ ಪಶ್ಚಿಮ ಭಾಗದಲ್ಲಿದ್ದವು. ಜೀವಂತ ಪ್ರಾಣಿಗಳನ್ನು ಮಾರುತ್ತಿದ್ದದ್ದೂ ಅದೇ ಭಾಗದಲ್ಲಿ. 2024ರಲ್ಲಿ ಅವರೂ ಸೇರಿ ಬರೆದ ಇನ್ನೊಂದು ಪ್ರಬಂಧ, ಆ ಮಾದರಿಗಳಲ್ಲಿ ರಕೂನ್ ನಾಯಿಯ ಮತ್ತು ಬೇರೆ ಕಾಡುಪ್ರಾಣಿಗಳ ಡಿಎನ್‌ಎ ಇದ್ದದ್ದನ್ನು ತೋರಿಸಿತು.

ನಮ್ಮ ತಕರಾರು ಒಂದೇ ಒಂದು ಪದದ ಬಗ್ಗೆ. 2022ರ ಫೆಬ್ರವರಿಯಲ್ಲಿ, ತಜ್ಞರ ಪರಿಶೀಲನೆಗೆ ಮುಂಚೆ ಅವರು ಹೊರಬಿಟ್ಟ ಕರಡಿನಲ್ಲಿ ಪ್ರಾಣಿ ವ್ಯಾಪಾರದಿಂದಲೇ ವೈರಸ್ ಬಂತು ಎನ್ನುವುದಕ್ಕೆ 'ನಿರ್ಣಾಯಕ' ಪುರಾವೆ ಸಿಕ್ಕಿದೆ ಎಂದಿತ್ತು. ಜಗತ್ತಿನ ಪತ್ರಿಕೆಗಳ ತಲೆಬರಹ ಅದನ್ನೇ ಹಿಡಿದವು. ಜುಲೈಯಲ್ಲಿ ಅಚ್ಚಾದ ಪ್ರಬಂಧದಲ್ಲಿ ಆ ಪದ ಇಲ್ಲ. ಮಾರುಕಟ್ಟೆಗೆ ಮುಂಚಿನ ಘಟನೆಗಳನ್ನು ಹೇಳಲು ಸಾಕಷ್ಟು ಪುರಾವೆ ಇಲ್ಲ, ನಿಖರ ಸಂದರ್ಭ ಮಸುಕಾಗಿಯೇ ಇದೆ ಎಂಬ ಒಪ್ಪಿಗೆ ಅದರ ಜಾಗಕ್ಕೆ ಬಂದಿದೆ. ಪರಿಶೀಲನೆಯ ಪದ್ಧತಿ ತನ್ನ ಕೆಲಸ ಮಾಡಿತು ಎಂದು ಸಂತೋಷಪಡಬಹುದು. ಆದರೆ ಮೊದಲ ಪದ ಹೊರಟು ಹೋಗಿತ್ತಲ್ಲ! ಹಸನ್ ಆಗಿದ್ದನ್ನು ಸಹೀಹ್ ಎಂದು ಸಾರಿದ್ದು ಸರಿಯಲ್ಲ. ಎರಡು ದಶಕ ಸರಪಳಿಯ ಕೊಂಡಿಗಳನ್ನೇ ಮುಟ್ಟಿ ನೋಡಿದ ವಿಜ್ಞಾನಿಯಿಂದ ಇದಾದದ್ದು ಖೇದಕರ. ಸಹಲೇಖಕರಲ್ಲಿ ಆಂಡರ್ಸನ್ ಸೇರಿದಂತೆ 2020ರ ಆ ಲೇಖನ ಬರೆದವರಲ್ಲಿ ನಾಲ್ವರು ಇದ್ದರು ಎಂಬುದನ್ನು ಸಂಶಯವಾದಿಗಳು ಬಿಡದೆ ಎತ್ತಿ ಆಡಿದರು. ಯಾರ ಜೊತೆ ಬರೆದರು ಎಂಬುದರಿಂದ ನಕ್ಷೆಯ ಚುಕ್ಕೆಗಳೇನೂ ಜಾಗ ಬಿಟ್ಟು ಕದಲುವುದಿಲ್ಲ, ನಿಜ. ಆದರೂ ಬಾಗಿಲು ತೆರೆಯಿರಿ ಎಂದವರು ಅದನ್ನು ಮುಚ್ಚಿದವರ ಜೊತೆ ಕೂತು ಬರೆಯುವಾಗ ಇನ್ನಷ್ಟು ಮೆಲುದನಿಯಲ್ಲಿ ಮಾತಾಡಬಹುದಿತ್ತು.

ವಿಜ್ಞಾನದ ಒಳಗಿನ ಆಕ್ಷೇಪಣೆಗಳು ಬೇರೆ ಇವೆ. ಮಾರುಕಟ್ಟೆಯ ಸಂಬಂಧ ಇದ್ದವರನ್ನೇ ಮೊದಮೊದಲು ಹುಡುಕಿದ್ದರಿಂದ ಚುಕ್ಕೆಗಳು ಅಲ್ಲಿ ದಟ್ಟವಾಗಿವೆ ಎನ್ನುವವರಿದ್ದಾರೆ. 2021ರ ಪತ್ರದ ಇನ್ನೊಬ್ಬ ಸಹಿದಾರ ಜೆಸ್ಸಿ ಬ್ಲೂಮ್, ಮಾರುಕಟ್ಟೆಯ ಮಾದರಿಗಳಲ್ಲಿ ರಕೂನ್ ನಾಯಿಯ ಅಂಶ ಹೆಚ್ಚಿದ್ದ ಕಡೆ ವೈರಸ್ ಹೆಚ್ಚಿರಲಿಲ್ಲ ಎಂದು ಲೆಕ್ಕ ತೋರಿಸಿದರು. ಅಲ್ಲಿಂದ ಪರೀಕ್ಷಿಸಿದ ಯಾವ ಪ್ರಾಣಿಯಲ್ಲೂ ವೈರಸ್ ಸಿಕ್ಕಿಲ್ಲ. ಸಂಶಯವಿದ್ದ ಜೀವಂತ ಪ್ರಾಣಿಗಳು ಮಾದರಿ ತೆಗೆಯುವವರು ಬರುವ ಹೊತ್ತಿಗೆ ಅಲ್ಲಿರಲಿಲ್ಲ. ಸರಪಳಿಯಲ್ಲಿ ಒಂದು ಕೊಂಡಿ ಕಾಣೆ. ಪ್ರಯೋಗಾಲಯದ ವಾದದ ಸರಪಳಿಯಲ್ಲಿಯಾದರೋ ಕಾಣೆಯಾದ ಕೊಂಡಿಗಳೇ ಹೆಚ್ಚು. ಅಲ್ಲಿ ಈ ವೈರಸ್ ಅಥವಾ ಇದರ ನೇರ ಪೂರ್ವಜ ಇತ್ತೆಂದು ತೋರಿಸುವ ದಾಖಲೆ ಈವರೆಗೆ ಹೊರಬಂದಿಲ್ಲ. 2025ರ ಜನವರಿಯಲ್ಲಿ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ಪ್ರಯೋಗಾಲಯದ ಕಡೆ ವಾಲಿತು, ಆದರೆ ತನ್ನ ತೀರ್ಮಾನದ ಮೇಲೆ ತನಗಿರುವ ವಿಶ್ವಾಸ ಕಡಿಮೆ ಎಂದೂ ಹೇಳಿತು. ತಲೆಬರಹ ಓದಿ ಪತ್ರಿಕೆ ಮಡಚಿಟ್ಟವರಿಗೆ ಆ ಎರಡನೆಯ ಮಾತು ತಲುಪಿರಲಿಕ್ಕಿಲ್ಲ.

ಇಷ್ಟು ವಿವರ ನಮ್ಮ ಓದುಗರಿಗೆ ಯಾಕೆ ಬೇಕು? ನೈಜೀರಿಯಾದ ಕಾನೊ ಪ್ರಾಂತ್ಯವನ್ನು ನೆನೆಯೋಣ. 2003ರಲ್ಲಿ ಅಲ್ಲಿನ ಮುಸ್ಲಿಮ್ ನಾಯಕರು ಪೋಲಿಯೊ ಹನಿಯಲ್ಲಿ ಬಂಜೆತನದ ಔಷಧಿ ಇದೆ, ಏಡ್ಸ್ ವೈರಸ್ ಇದೆ ಎಂದು ನಂಬಿ ಲಸಿಕೆ ನಿಲ್ಲಿಸಿದರು. ಅವರ ಸಂಶಯ ಆಕಾಶದಿಂದ ಉದುರಿದ್ದಲ್ಲ. 1996ರಲ್ಲಿ ಅದೇ ಕಾನೊದಲ್ಲಿ ಮಿದುಳುಜ್ವರದ ಮಕ್ಕಳ ಮೇಲೆ ಫೈಜರ್ ಕಂಪೆನಿ ತನ್ನ ಹೊಸ ಔಷಧಿಯನ್ನು ಪರೀಕ್ಷಿಸಿತ್ತು. ಆ ಸಂಬಂಧದ ಮೊಕದ್ದಮೆ ಪರಿಹಾರದ ಒಪ್ಪಂದದಲ್ಲಿ ಮುಗಿದದ್ದು 2009ರಲ್ಲಿ. ಆಮೇಲೆ 2011ರಲ್ಲಿ ಪಾಕಿಸ್ತಾನದ ಅಬೋಟಾಬಾದಿನಲ್ಲಿ ಸಿಐಎ ಲಸಿಕೆಯ ನಾಟಕವಾಡಿ ಬೇಹುಗಾರಿಕೆ ನಡೆಸಿದ್ದೂ ಎಲ್ಲರಿಗೂ ಗೊತ್ತು. ಅನುಮಾನಕ್ಕೆ ಕಾರಣಗಳಿದ್ದವು. ಆದರೆ ಕಾರಣವಿರುವ ಅನುಮಾನವೂ ಪುರಾವೆಯಲ್ಲ. ಲಸಿಕೆ ನಿಂತ ತಿಂಗಳುಗಳಲ್ಲಿ ಪೋಲಿಯೊ ನೈಜೀರಿಯಾದಿಂದ ಹೊರಟು ಹತ್ತಾರು ದೇಶಗಳಿಗೆ ಹರಡಿತು, 2005ರಲ್ಲಿ ಇಂಡೋನೇಷ್ಯಾದವರೆಗೂ ತಲುಪಿತು. ಕಾಲು ಕಳೆದುಕೊಂಡವರು ಮುಸ್ಲಿಮರ ಮಕ್ಕಳು. ಕೊಪ್ರೊವ್‌ಸ್ಕಿ ಲಸಿಕೆಯ ಬಗ್ಗೆ ವೊರೊಬಿ ಕಾಡಿನಲ್ಲಿ ಮಲ ಹೆಕ್ಕಿದ್ದು ಯಾರಿಗೋ ಸಂಬಂಧಿಸಿದ ಪಾಂಡಿತ್ಯದ ಜಗಳವಾಗಿರಲಿಲ್ಲ.

ಮೂಲ ಯಾವುದು ಎಂಬ ಪ್ರಶ್ನೆ ಪಾಪಿ ಯಾರು ಎಂಬ ಪ್ರಶ್ನೆಯಾಗಿ ಹೊರಳಲು ಹೆಚ್ಚು ಹೊತ್ತು ಬೇಡ. ವೊರೊಬಿಯವರೇ ಭಾಗಿಯಾದ 2016ರ ಒಂದು ಅಧ್ಯಯನ ಇದನ್ನು ಮನಮುಟ್ಟುವಂತೆ ತೋರಿಸಿದೆ. ಏರ್ ಕೆನಡಾದ ಉದ್ಯೋಗಿ ಗೇಟನ್ ದುಗಾ 1984ರಲ್ಲಿ ತೀರಿಕೊಂಡವರು. ಅಮೆರಿಕಕ್ಕೆ ಏಡ್ಸ್ ತಂದ 'ಪೇಷೆಂಟ್ ಝೀರೊ' ಅವರೇ ಎಂದು ಮೂರು ದಶಕ ಜಗತ್ತು ಶಪಿಸಿತು. ಮೂಲ ದಾಖಲೆಯಲ್ಲಿದ್ದದ್ದು ಸೊನ್ನೆಯಲ್ಲ, ಇಂಗ್ಲಿಷಿನ 'ಓ' ಅಕ್ಷರ. ಕ್ಯಾಲಿಫೋರ್ನಿಯಾದ ಹೊರಗಿನವ ಎಂಬುದಕ್ಕೆ ಹಾಕಿದ ಗುರುತು. ದುಗಾ ಅವರ ರಕ್ತದ ವೈರಸ್ಸನ್ನು ವಂಶಾವಳಿಯಲ್ಲಿಟ್ಟು ನೋಡಿದರೆ ಅದು ಬೇರಿನಲ್ಲಿರಲಿಲ್ಲ, ನೂರಾರು ರೆಂಬೆಗಳಲ್ಲಿ ಒಂದಾಗಿ ನಡುವೆಲ್ಲೋ ಇತ್ತು.

ಈ ಊರಿನ ಉದಾಹರಣೆಯೂ ಇದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಜನರೂ ಸತ್ತರು. ಹಳದಿ ಜ್ವರವಿರಬಹುದೆಂದು ತಜ್ಞರು ಮೊದಲು ಗಾಬರಿಯಾದರು. ಹುಡುಕಿದಾಗ ಸಿಕ್ಕಿದ್ದು ಹೊಸ ವೈರಸ್, ಅದನ್ನು ದಾಟಿಸುವುದು ಉಣ್ಣೆ. ಮಂಗಗಳೂ ಮನುಷ್ಯರ ಹಾಗೆ ಅದಕ್ಕೆ ಬಲಿಯಾದವು. ಆದರೂ ಮಲೆನಾಡಿನ ಬಾಯಲ್ಲಿ ಅದು ಇವತ್ತಿಗೂ ಮಂಗನ ಕಾಯಿಲೆಯೇ. ಮಂಗ ನ್ಯಾಯಾಲಯಕ್ಕೆ ಹೋಗಲಾರದು. ಮನುಷ್ಯರು ಹೋಗಬಲ್ಲರು. 2020ರಲ್ಲಿ ನಿಜಾಮುದ್ದೀನ್ ಮರ್ಕಝಿನ ಹೆಸರಿನಲ್ಲಿ ಟೀವಿಗಳು ಒಂದು ಇಡೀ ಸಮುದಾಯವನ್ನು ರೋಗದ ಬೇರು ಎಂದು ಕೂಗಿದ್ದನ್ನು, ತರಕಾರಿ ಗಾಡಿಯವರ ಹೆಸರು ಕೇಳಿ ವ್ಯಾಪಾರ ಮಾಡಿದ್ದನ್ನು ಈ ಪತ್ರಿಕೆಯ ಓದುಗರಿಗೆ ವಿವರಿಸಬೇಕಿಲ್ಲ. ಆ ವರ್ಷದ ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ ವಿದೇಶಿ ತಬ್ಲೀಗಿಗಳ ಮೇಲಿನ ಮೊಕದ್ದಮೆಗಳನ್ನು ರದ್ದುಪಡಿಸಿ, ಅವರನ್ನು ಬಲಿಪಶು ಮಾಡಲಾಯಿತು ಎಂಬ ಅಭಿಪ್ರಾಯಕ್ಕೆ ಬಂತು. ಎಪ್ಪತ್ತು ಭಾರತೀಯರ ಮೇಲಿನ ಪ್ರಕರಣಗಳನ್ನು ದೆಹಲಿ ಹೈಕೋರ್ಟ್ ರದ್ದು ಮಾಡಿದ್ದು 2025ರ ಜುಲೈಯಲ್ಲಿ. ಐದು ವರ್ಷ!

ಆದರೆ ಅದೇ ದಿನಗಳಲ್ಲಿ ನಮ್ಮ ಮೊಹಲ್ಲಾಗಳ ಮೊಬೈಲುಗಳಲ್ಲಿ ಓಡಾಡಿದ್ದೇನು? ಕೊರೋನಾ ಅಮೆರಿಕದ ಸೃಷ್ಟಿ, ಯಹೂದಿಗಳ ಸಂಚು, ಚೀನಾಕ್ಕೆ ಬಿದ್ದ ದೇವರ ಶಿಕ್ಷೆ ಎಂಬ ಸಂದೇಶಗಳು. ನಮ್ಮ ಮೇಲೆ ಸನದಿಲ್ಲದ ಮಾತು ಬಂದಾಗ ನೊಂದವರು ಇನ್ನೊಬ್ಬರ ಮೇಲೆ ಸನದಿಲ್ಲದ ಮಾತನ್ನು ಮುಂದಕ್ಕೆ ದಾಟಿಸಿದರು. ತಂದ ಸುದ್ದಿಯನ್ನು ಪರಿಶೀಲಿಸಿ ಎಂಬ ಸೂರಃ ಹುಜುರಾತಿನ ಆದೇಶವನ್ನು ಜುಮಾದ ಖುತ್ಬಾಗಳಲ್ಲಿ ಎಷ್ಟು ಸಲ ಕೇಳಿದ್ದೇವೆ! ಅದರಲ್ಲಿ ನಮ್ಮವರ ಸುದ್ದಿಗೆ ರಿಯಾಯಿತಿ ಏನೂ ಇಲ್ಲ.

2025ರ ಜೂನ್ 27ರಂದು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ಸಮಿತಿ ತನ್ನ ವರದಿ ಕೊಟ್ಟಿತು. ಸಿಕ್ಕಿರುವ ಪುರಾವೆಯ ತೂಕ ಪ್ರಾಣಿಮೂಲದ ಕಡೆಗಿದೆ, ಆದರೆ ಬೇಕಾದ ಮಾಹಿತಿ ಸಿಗದೆ ಪ್ರಯೋಗಾಲಯದ ಸಾಧ್ಯತೆಯನ್ನು ಪರೀಕ್ಷಿಸಲೂ ಆಗಿಲ್ಲ, ತಳ್ಳಿಹಾಕಲೂ ಆಗಿಲ್ಲ ಎಂದಿತು. ಚೀನಾ ಸರಕಾರದಿಂದ ಕೇಳಿಯೂ ಸಿಗದಿದ್ದದ್ದು ಏನು ಎಂಬುದನ್ನೂ ಹೇಳಿತು: ಆರಂಭದ ದಿನಗಳ ನೂರಾರು ರೋಗಿಗಳ ವೈರಸ್ಸಿನ ತಳಿವಿವರ, ವುಹಾನಿನ ಮಾರುಕಟ್ಟೆಗಳಲ್ಲಿ ಮಾರಿದ ಪ್ರಾಣಿಗಳ ಬಗ್ಗೆ ಹೆಚ್ಚಿನ ಮಾಹಿತಿ, ಅಲ್ಲಿನ ಪ್ರಯೋಗಾಲಯಗಳ ಕೆಲಸ ಮತ್ತು ಸುರಕ್ಷತೆಯ ವಿವರ. ಹುವಾನಾನ್ ಮಾರುಕಟ್ಟೆಯ ಪಶ್ಚಿಮ ಭಾಗದ ಆ ಅಂಗಡಿಗಳಿಗೆ ರಕೂನ್ ನಾಯಿಗಳು ಯ��ವ ಸಾಕಣೆದಾರರಿಂದ ಬರುತ್ತಿದ್ದವು, ಅವರ ರಕ್ತವನ್ನು ಯಾರಾದರೂ ಪರೀಕ್ಷಿಸಿದರೇ ಎಂದು ವೊರೊಬಿಯಂಥವರು ಕೇಳುತ್ತಲೇ ಇದ್ದಾರೆ. ಮಾರುಕಟ್ಟೆಯ ಬಾಗಿಲು 2020ರ ಮೊದಲ ದಿನವೇ ಮುಚ್ಚಿತು.